ಇನ್‌ವಾಯ್ಸ್ ಸೇವೆ ಲ್ಯಾಂಬ್ಡಾಗೆ ಹೋದಾಗ: ಡಿಪೆಂಡೆನ್ಸಿ ಇಂಜೆಕ್ಷನ್‌ಗೆ ತೆರುವ ಬೆಲೆ ಎಲ್ಲಿದೆ?

ಸೇವೆಯ ಕೆಲಸ ಸರಳ. ಮಾರಾಟದ ವಿವರ ಬಂದ ಕೂಡಲೇ ಜಿಎಸ್‌ಟಿ ಲೆಕ್ಕ ಹಾಕಬೇಕು, ಇನ್‌ವಾಯ್ಸ್‌ಗೆ ಕ್ರಮಸಂಖ್ಯೆ ಕೊಡಬೇಕು, ಡೇಟಾಬೇಸಿನಲ್ಲಿ ಬರೆದಿಡಬೇಕು, ಪಿಡಿಎಫ್ ಮಾಡಿ ಕಳಿಸಬೇಕು. ಕೋಡ್ ಜಾವಾದಲ್ಲಿದೆ, ಚೌಕಟ್ಟು ಸ್ಪ್ರಿಂಗ್ ಬೂಟ್. ಎರಡು ವರ್ಚುವಲ್ ಸರ್ವರ್‌ಗಳ ಮೇಲೆ ಹಗಲಿರುಳು ಓಡುತ್ತದೆ. ರಾತ್ರಿಯಿಡೀ ಕೆಲಸವಿಲ್ಲದಿದ್ದರೂ ಬಾಡಿಗೆ ತಪ್ಪುವುದಿಲ್ಲ. ತಿಂಗಳ ಕೊನೆಗೆ ಮಾತ್ರ ಮೈಮೇಲೆ ಬಿದ್ದಂತೆ ವಿನಂತಿಗಳು ಬರುತ್ತವೆ. ಆದ್ದರಿಂದ ಬಳಸಿದಷ್ಟಕ್ಕೆ ಹಣ ಕೊಡುವ, ವಿನಂತಿ ಬಂದಾಗ ಮಾತ್ರ ಕೋಡ್ ಓಡಿಸುವ ಅಮೆಜಾನ್‌ನ ಸೇವೆಯಾದ ಎಡಬ್ಲ್ಯುಎಸ್ ಲ್ಯಾಂಬ್ಡಾಗೆ ಸಾಗಿಸುವ ತೀರ್ಮಾನವಾಗುತ್ತದೆ. ಇದ್ದ ಸ್ಪ್ರಿಂಗ್ ಕೋಡನ್ನು ಹೆಚ್ಚು ಮುಟ್ಟದೆ ಲ್ಯಾಂಬ್ಡಾದಲ್ಲಿ ಓಡಿಸಲು ಅಮೆಜಾನ್‌ನದೇ ಮುಕ್ತ ಲೈಬ್ರರಿ ಇದೆ. ಸಾಗಣೆ ಬೇಗ ಮುಗಿಯುತ್ತದೆ. ಆಮೇಲೆ ದೂರು ಶುರುವಾಗುತ್ತದೆ: ಮೊದಲ ವಿನಂತಿಗೆ ಉತ್ತರ ಬರಲು ಹಲವು ಸೆಕೆಂಡು ಹಿಡಿಯುತ್ತಿದೆ. ಕಾರಣ ಹುಡುಕಿದವರು ಸ್ಪ್ರಿಂಗ್‌ನ ಕಡೆ ಬೆರಳು ತೋರಿಸುತ್ತಾರೆ, ಅಲ್ಲಿಂದ ಡಿಪೆಂಡೆನ್ಸಿ ಇಂಜೆಕ್ಷನ್‌ನ ಕಡೆಗೆ, ಅಂದರೆ ಕ್ಲಾಸಿಗೆ (ಕೋಡಿನ ಒಂದು ಘಟಕಕ್ಕೆ) ಬೇಕಾದ್ದನ್ನು ಹೊರಗಿನಿಂದ ತಂದು ಜೋಡಿಸುವ ಪದ್ಧತಿಯ ಕಡೆಗೆ. ‘ಇಂಜೆಕ್ಷನ್ ಕಿತ್ತುಹಾಕಿ, ಬೇಕಾದ ಆಬ್ಜೆಕ್ಟನ್ನು ಬೇಕಾದಲ್ಲೇ ಸೃಷ್ಟಿಸಿಕೊಳ್ಳೋಣ’ ಎಂಬ ಸಲಹೆ ಮೇಜಿನ ಮೇಲೆ ಬರುತ್ತದೆ.

ಇದು ಯಾವುದೋ ಒಂದು ಕಂಪನಿಯ ಕಥೆಯಲ್ಲ. 2015ರ ಜೂನ್‌ನಲ್ಲಿ ಲ್ಯಾಂಬ್ಡಾ ಜಾವಾಗೆ ಬಾಗಿಲು ತೆರೆದಂದಿನಿಂದ ಎಷ್ಟೋ ತಂಡಗಳು ಇದೇ ದಾರಿಯಲ್ಲಿ ನಡೆದು ಇದೇ ಜಾಗದಲ್ಲಿ ನಿಂತಿವೆ. ಅಂಥ ಸೇವೆಯ ಸಾಮಾನ್ಯ ರೂಪವನ್ನು ಮುಂದಿಟ್ಟುಕೊಂಡು, ಆ ಸಲಹೆ ಎಷ್ಟು ಸರಿ ಎಂದು ಇಲ್ಲಿ ತೂಗಿ ನೋಡಿದ್ದೇನೆ. ಲೆಕ್ಕಕ್ಕೆಂದು ಹಿಡಿದುಕೊಂಡ ಅಂಕಿಗಳನ್ನು ಹಾಗೆಂದೇ ಹೇಳಿದ್ದೇನೆ. ನನ್ನ ನಿಲುವನ್ನು ಮೊದಲೇ ತಿಳಿಸಿಬಿಡುತ್ತೇನೆ. ಇಲ್ಲಿ ದುಬಾರಿಯಾಗಿರುವುದು ಇಂಜೆಕ್ಷನ್ ಅಲ್ಲ. ಜೋಡಣೆಯ ಕೆಲಸವನ್ನು ಯಾವ ಹೊತ್ತಿನಲ್ಲಿ ಮಾಡುತ್ತೇವೆ, ಎಷ್ಟು ಸಲ ಮಾಡುತ್ತೇವೆ ಎಂಬುದು.

ಕೈಬಿಟ್ಟರೆ ಏನು ಹೋಗುತ್ತದೆ

ಜಿಎಸ್‌ಟಿ ನಿಯಮದ ಪ್ರಕಾರ ಇನ್‌ವಾಯ್ಸ್ ಸಂಖ್ಯೆ ಅನುಕ್ರಮವಾಗಿರಬೇಕು, 16 ಅಕ್ಷರ ಮೀರಬಾರದು, ಒಂದು ಹಣಕಾಸು ವರ್ಷದಲ್ಲಿ ಮರುಕಳಿಸಬಾರದು. ಆದ್ದರಿಂದ ಏಪ್ರಿಲ್ 1ರಂದು ಹೊಸ ಸರಣಿ ಶುರುವಾಗುತ್ತದೆ. ಸಂಖ್ಯೆ ಕೊಡುವ ಕ್ಲಾಸು ಇವತ್ತಿನ ದಿನಾಂಕ ಏನೆಂದು ತಿಳಿದುಕೊಳ್ಳಲೇಬೇಕು.

ದಿನಾಂಕವನ್ನು ಆ ಕ್ಲಾಸು ನೇರವಾಗಿ ಯಂತ್ರವನ್ನೇ ಕೇಳಿದರೆ ಏನಾಗುತ್ತದೆ ನೋಡಿ. ಹಳೆಯ ಸರ್ವರ್‌ನ ಗಡಿಯಾರವನ್ನು ಯಾರೋ ಭಾರತೀಯ ಕಾಲಮಾನಕ್ಕೆ ಹೊಂದಿಸಿಟ್ಟಿರುತ್ತಾರೆ. ಲ್ಯಾಂಬ್ಡಾ ಓಡುವುದು ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಕಾಲಮಾನದಲ್ಲಿ. ನಮ್ಮಲ್ಲಿ ಏಪ್ರಿಲ್ 1ರ ನಡುರಾತ್ರಿಯಾದಾಗ ಅಲ್ಲಿ ಮಾರ್ಚ್ 31ರ ಸಂಜೆ 6:30. ಬೆಳಗಿನ 5:30ರವರೆಗೆ ಹೊರಬೀಳುವ ಪ್ರತಿಯೊಂದು ಇನ್‌ವಾಯ್ಸ್‌ಗೂ ಹಿಂದಿನ ವರ್ಷದ ಸರಣಿಯ ಸಂಖ್ಯೆ ಬೀಳುತ್ತದೆ. ವರ್ಷಕ್ಕೊಮ್ಮೆ ಐದೂವರೆ ಗಂಟೆ ಮಾತ್ರ ಕಾಣಿಸಿಕೊಳ್ಳುವ ದೋಷ ಇದು; ಗೊತ್ತಾಗುವುದು ಲೆಕ್ಕಪರಿಶೋಧಕರ ಕಣ್ಣಿಗೆ ಬಿದ್ದಾಗ.

ಗಡಿಯಾರವನ್ನು ಕನ್‌ಸ್ಟ್ರಕ್ಟರ್ (ಆಬ್ಜೆಕ್ಟ್ ಕಟ್ಟುವಾಗ ಓಡುವ ಕೋಡ್) ಮೂಲಕ ಹೊರಗಿನಿಂದ ಕೊಟ್ಟಿದ್ದರೆ ಈ ದೋಷ ಜುಲೈ ತಿಂಗಳ ಒಂದು ಸಾಮಾನ್ಯ ಮಧ್ಯಾಹ್ನವೇ ಸಿಕ್ಕಿಬೀಳುತ್ತದೆ. ಜಾವಾ 8ರಲ್ಲಿ ಬಂದ ‘ಕ್ಲಾಕ್’ ಕ್ಲಾಸು ಇರುವುದೇ ಇದಕ್ಕೆ. ಮಾರ್ಚ್ 31ರ ಯುಟಿಸಿ ಸಮಯ 18:29:59ಕ್ಕೆ ನಿಲ್ಲಿಸಿದ ಒಂದು ಗಡಿಯಾರ, 18:30:00ಕ್ಕೆ ನಿಲ್ಲಿಸಿದ ಇನ್ನೊಂದು. ಎರಡನ್ನೂ ಕೊಟ್ಟು ಎರಡು ಪರೀಕ್ಷೆ ಬರೆದರೆ ಮುಗಿಯಿತು. ಡೇಟಾಬೇಸ್ ಬೇಡ, ಸ್ಪ್ರಿಂಗ್ ಬೇಡ, ಏಪ್ರಿಲ್ ಬರುವತನಕ ಕಾಯುವುದೂ ಬೇಡ.

ಡಿಪೆಂಡೆನ್ಸಿ ಇಂಜೆಕ್ಷನ್ ಎಂದರೆ ಮೂಲದಲ್ಲಿ ಇಷ್ಟೇ: ಕ್ಲಾಸು ತನಗೆ ಬೇಕಾದ್ದನ್ನು ತಾನೇ ತಯಾರಿಸಿಕೊಳ್ಳದೆ ಹೊರಗಿನಿಂದ ಪಡೆಯುತ್ತದೆ. ಒಂದು ಆರ್ಗ್ಯುಮೆಂಟ್ ಕಳಿಸಲು ಯಾವ ಭಾಷೆಯಲ್ಲಾದರೂ ತಗಲುವ ಖರ್ಚು ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಜೋಡಣೆ ಮುಗಿದ ಮೇಲೆ ಉಳಿಯುವುದು ಒಂದು ಫೀಲ್ಡ್ ಓದು, ಒಂದು ಇಂಟರ್ಫೇಸ್ ಕರೆ. ಆ ಇಂಟರ್ಫೇಸಿಗೆ ಒಂದೇ ಅನುಷ್ಠಾನವಿದ್ದರೆ, ಕೋಡ್ ಬಿಸಿಯಾದ ಮೇಲೆ (ಹಲವು ಸಲ ಓಡಿದ ಮೇಲೆ), ಓಡುತ್ತಿರುವಾಗಲೇ ಅದನ್ನು ಯಂತ್ರಭಾಷೆಗೆ ಇಳಿಸುವ ಜಾವಾದ ಜಿಟ್ ಕಂಪೈಲರ್ ಆ ಕರೆಯನ್ನೂ ಒಳಗೆ ಸೇರಿಸಿ ಕರಗಿಸಿಬಿಡುತ್ತದೆ. ಟ್ರಾನ್ಸಾಕ್ಷನ್‌ಗೆಂದು (ಡೇಟಾಬೇಸಿನ ಬರಹಗಳು ಎಲ್ಲವೂ ಆಗಬೇಕು, ಇಲ್ಲವೇ ಒಂದೂ ಆಗಬಾರದು ಎಂಬ ವ್ಯವಸ್ಥೆಗೆಂದು) ಸ್ಪ್ರಿಂಗ್ ಆಬ್ಜೆಕ್ಟಿಗೆ ಹೊದಿಕೆಯಂತೆ ಸುತ್ತುವ ಪ್ರಾಕ್ಸಿ ಇನ್ನೊಂದಷ್ಟು ಕರೆಗಳನ್ನು ಸೇರಿಸುತ್ತದೆ, ನಿಜ. ಆದರೆ ಅದರ ಬೆನ್ನಿಗೇ ನೆಟ್‌ವರ್ಕ್ ದಾಟಿ ಡೇಟಾಬೇಸಿಗೆ ಹೋಗಿಬರುವ ಪಯಣವಿದೆ. ಅದರ ಮುಂದೆ ಪ್ರಾಕ್ಸಿಯ ಖರ್ಚು ಕಾಣಿಸುವುದೇ ಇಲ್ಲ.

ಹಾಗಾದರೆ ಸೆಕೆಂಡುಗಳು ಎಲ್ಲಿ ಹೋದವು

ಸ್ಪ್ರಿಂಗ್ 1.0 ಬಂದದ್ದು 2004ರ ಮಾರ್ಚ್‌ನಲ್ಲಿ. ಆಗಿನ ಜಾವಾ ಅಪ್ಲಿಕೇಶನ್ ಒಮ್ಮೆ ಎದ್ದರೆ ವಾರಗಟ್ಟಲೆ ಓಡುತ್ತಿತ್ತು. ಅರ್ಧ ನಿಮಿಷ ತಡವಾಗಿ ಎದ್ದರೂ ಕೇಳುವವರಿರಲಿಲ್ಲ. ಆದ್ದರಿಂದ ಆಬ್ಜೆಕ್ಟ್‌ಗಳನ್ನು ಕಟ್ಟಿ ಜೋಡಿಸಿಕೊಡುವ ಸ್ಪ್ರಿಂಗ್ ಕಂಟೇನರ್ ತನ್ನ ಬುದ್ಧಿಯನ್ನೆಲ್ಲ ಏಳುವ ಹೊತ್ತಿಗೆ ಮೀಸಲಿಟ್ಟಿತು. ಅದು ಆ ಕಾಲಕ್ಕೆ ತಕ್ಕ ಜಾಣ ಆಯ್ಕೆಯೇ ಆಗಿತ್ತು.

ನಮ್ಮ ಇನ್‌ವಾಯ್ಸ್ ಕ್ಲಾಸೊಂದು ಹುಟ್ಟುವ ಮುನ್ನ ಏನೇನು ನಡೆಯುತ್ತದೆ ನೋಡೋಣ. ಸ್ಪ್ರಿಂಗ್ ನಮ್ಮ ಪ್ಯಾಕೇಜಿನಲ್ಲಿರುವ ಕ್ಲಾಸ್ ಫೈಲುಗಳನ್ನು ಒಂದೊಂದಾಗಿ ತೆರೆದು ಬೈಟ್‌ಕೋಡ್ (ಕಂಪೈಲಾದ ಜಾವಾ ಕೋಡ್) ಮಟ್ಟದಲ್ಲಿ ಅನೋಟೇಶನ್‌ಗಳನ್ನು, ಅಂದರೆ ಕೋಡಿಗೆ ಅಂಟಿಸಿದ ಗುರುತುಗಳನ್ನು, ಹುಡುಕುತ್ತದೆ. ಸಿಕ್ಕ ಪ್ರತಿಯೊಂದಕ್ಕೂ ಒಂದು ವಿವರಪಟ್ಟಿ ಬರೆದುಕೊಳ್ಳುತ್ತದೆ. ಸ್ಪ್ರಿಂಗ್ ಬೂಟ್‌ನ ಸ್ವಯಂ ಸಂರಚನೆ ತನ್ನ ಉದ್ದನೆಯ ಪಟ್ಟಿಯನ್ನು ತೆಗೆದು, ‘ಈ ಲೈಬ್ರರಿ ಇದೆಯೇ, ಆ ಬೀನ್ (ಕಂಟೇನರ್ ನೋಡಿಕೊಳ್ಳುವ ಆಬ್ಜೆಕ್ಟ್) ಈಗಾಗಲೇ ಇದೆಯೇ, ಈ ಸೆಟ್ಟಿಂಗ್ ಕೊಟ್ಟಿದ್ದಾರೆಯೇ’ ಎಂದು ಒಂದೊಂದನ್ನೂ ಪರಿಶೀಲಿಸುತ್ತದೆ. ಸಂರಚನಾ ಕ್ಲಾಸುಗಳಿಗೆ ಓಡುವ ಹೊತ್ತಿನಲ್ಲೇ ಹೊಸ ಉಪಕ್ಲಾಸುಗಳನ್ನು ಸೃಷ್ಟಿಸುತ್ತದೆ. ಆಮೇಲೆ ರಿಫ್ಲೆಕ್ಷನ್ (ಓಡುವ ಹೊತ್ತಿನಲ್ಲಿ ಕ್ಲಾಸಿನ ವಿವರ ಓದಿ ಬಳಸುವ ವಿಧಾನ) ಮೂಲಕ ಆಬ್ಜೆಕ್ಟ್‌ಗಳನ್ನು ಕಟ್ಟಿ, ಯಾವುದಕ್ಕೆ ಯಾವುದು ಬೇಕೆಂದು ಜೋಡಿಸಿ, ಅಗತ್ಯವಿದ್ದಲ್ಲಿ ಪ್ರಾಕ್ಸಿ ಸುತ್ತುತ್ತದೆ. ನಾವು ಬರೆದದ್ದು ಹದಿನೈದು ಕ್ಲಾಸಾದರೂ ಕಂಟೇನರಿನೊಳಗೆ ಏಳುವ ಬೀನ್‌ಗಳು ಅದರ ಎಷ್ಟೋ ಪಟ್ಟು. ಇಷ್ಟೆಲ್ಲವೂ ಜಿಟ್ ಇನ್ನೂ ಬಿಸಿಯಾಗಿರದ, ಬೈಟ್‌ಕೋಡನ್ನು ಸಾಲು ಸಾಲಾಗಿ ಓದಿ ನಡೆಸುವ ಹೊತ್ತಿನಲ್ಲಿ ನಡೆಯುತ್ತದೆ.

ಸರ್ವರ್‌ನಲ್ಲಿ ಇದು ಹೊಸ ಆವೃತ್ತಿ ಹಾಕಿದಾಗ ಒಮ್ಮೆ ನಡೆಯುವ ಕೆಲಸ. ಸರ್ವರ್ ಸಿದ್ಧವಾಗುವತನಕ, ವಿನಂತಿಗಳನ್ನು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಯಾರನ್ನೂ ಅತ್ತ ಕಳಿಸುವುದಿಲ್ಲವಾದ್ದರಿಂದ ಬಳಕೆದಾರರಿಗೆ ಅದು ಗೊತ್ತೇ ಆಗುವುದಿಲ್ಲ. ಸ್ಪ್ರಿಂಗ್ ಬೂಟ್ ಒಳಗಿನ ವೆಬ್ ಸರ್ವರ್ ಟಾಮ್‌ಕ್ಯಾಟ್‌ನ ರೂಢಿಯ 200 ಥ್ರೆಡ್‌ಗಳು (ಏಕಕಾಲಕ್ಕೆ ಓಡುವ ಕೆಲಸದ ಎಳೆಗಳು) ಒಂದೇ ಬೀನ್ ಜಾಲವನ್ನು ಹಂಚಿಕೊಂಡು ದುಡಿಯುತ್ತವೆ.

ಲ್ಯಾಂಬ್ಡಾದ ಲೆಕ್ಕಾಚಾರವೇ ಬೇರೆ. ಅಲ್ಲಿ ಒಂದು ಪರಿಸರ (ನಮ್ಮ ಕೋಡ್ ಓಡುವ ಪ್ರತ್ಯೇಕ ಜಾಗ) ಒಂದು ಹೊತ್ತಿಗೆ ಒಂದೇ ವಿನಂತಿ ನೋಡಿಕೊಳ್ಳುತ್ತದೆ. ತಿಂಗಳ ಕೊನೆಯ ದಿನ ಒಟ್ಟಿಗೇ 50 ವಿನಂತಿ ಬಂದರೆ 50 ಪರಿಸರಗಳು ಏಳುತ್ತವೆ. ಪ್ರತಿಯೊಂದೂ ಆ ಜಾಲವನ್ನು ತನಗಾಗಿ ಮೊದಲಿನಿಂದ ಹೆಣೆಯುತ್ತದೆ, ಪ್ರತಿಯೊಂದರ ಹಿಂದೆಯೂ ಒಬ್ಬ ಬಳಕೆದಾರ ಕಾಯುತ್ತಿರುತ್ತಾನೆ. ಸಿಂಗಲ್‌ಟನ್, ಅಂದರೆ ಒಂದೇ ಪ್ರತಿ, ಎಂದು ನಾವು ನಂಬಿಕೊಂಡದ್ದು 50 ಪ್ರತಿಗಳಾಗಿ ಕೂತಿರುತ್ತದೆ.

ಇದರ ಪರಿಣಾಮ ಮೊದಲು ತಟ್ಟುವುದು ಡೇಟಾಬೇಸಿಗೆ. ಸ್ಪ್ರಿಂಗ್ ಬೂಟ್ ತಾನಾಗಿಯೇ ಕೊಡುವ ಹಿಕಾರಿ ಕನೆಕ್ಷನ್ ಪೂಲ್‌ನ (ತೆರೆದಿಟ್ಟ ಡೇಟಾಬೇಸ್ ಸಂಪರ್ಕಗಳ ಗುಂಪಿನ) ರೂಢಿಯ ಗಾತ್ರ 10. ಏನನ್ನೂ ಬದಲಿಸದಿದ್ದರೆ ಅದು ಹತ್ತನ್ನೂ ತುಂಬಿಕೊಳ್ಳಲು ನೋಡುತ್ತದೆ. 50 ಪರಿಸರಕ್ಕೆ 500 ಸಂಪರ್ಕ. ಡೇಟಾಬೇಸ್ ಪೋಸ್ಟ್‌ಗ್ರೆಸ್ ಆಗಿದ್ದರೆ ಅದರ ಮೂಲ ಮಿತಿ 100. ಒಂದು ಹೊತ್ತಿಗೆ ಒಂದೇ ವಿನಂತಿ ನೋಡುವ ಪರಿಸರಕ್ಕೆ ಬೇಕಾಗಿದ್ದದ್ದು ಒಂದೇ ಒಂದು ಸಂಪರ್ಕ. ಪೂಲನ್ನು ಯಾರೂ ಕೈಯಾರೆ ಬರೆದಿರಲಿಲ್ಲ. ಕಂಟೇನರ್ ತಂದುಕೊಟ್ಟಿತ್ತು, ಆದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕಂಟೇನರಿನ ಮೇಲೆ ನನಗಿರುವ ನಿಜವಾದ ತಕರಾರು ಇದು. ನಿಧಾನವಾದರೆ ಅಳೆದು ಸರಿಪಡಿಸಬಹುದು, ಕಾಣದ್ದನ್ನು ಸರಿಪಡಿಸುವುದು ಕಷ್ಟ.

ಬಿಲ್ಲಿನಲ್ಲಿ ಎಷ್ಟು

ಈಗ ಹಣದ ಮಾತು. ತಿಂಗಳಿಗೆ 2 ಕೋಟಿ ವಿನಂತಿ, 1 ಜಿಬಿ ಮೆಮೊರಿ, ಒಂದು ವಿನಂತಿಗೆ 80 ಮಿಲಿಸೆಕೆಂಡು, ನೂರರಲ್ಲಿ ಒಂದು ಕೋಲ್ಡ್ ಸ್ಟಾರ್ಟ್ (ಹೊಸ ಪರಿಸರ ಮೊದಲಿನಿಂದ ಏಳುವುದು), ಪ್ರತಿ ಆರಂಭಕ್ಕೆ 5 ಸೆಕೆಂಡು ಎಂದು ಲೆಕ್ಕಕ್ಕಾಗಿ ಹಿಡಿಯೋಣ. ಅಮೆರಿಕದ ಪೂರ್ವ ವಲಯದಲ್ಲಿ ಒಂದು ಜಿಬಿ-ಸೆಕೆಂಡಿಗೆ (1 ಜಿಬಿ ಮೆಮೊರಿಯನ್ನು ಒಂದು ಸೆಕೆಂಡು ಬಳಸಿದ್ದಕ್ಕೆ) 0.0000166667 ಡಾಲರ್, ಹತ್ತು ಲಕ್ಷ ವಿನಂತಿಗೆ 0.20 ಡಾಲರ್ ದರವಿದೆ. ಉಚಿತ ಪಾಲನ್ನು ಬದಿಗಿಟ್ಟರೆ, ನಿಜವಾದ ಕೆಲಸಕ್ಕೆ 16 ಲಕ್ಷ ಜಿಬಿ-ಸೆಕೆಂಡು, ಅಂದರೆ ಸುಮಾರು 26.67 ಡಾಲರ್. ವಿನಂತಿಗಳ ಶುಲ್ಕ 4 ಡಾಲರ್. ಆರಂಭಕ್ಕೆ ಹೋಗುವುದು 2 ಲಕ್ಷ ಸಲ 5 ಸೆಕೆಂಡು, 10 ಲಕ್ಷ ಜಿಬಿ-ಸೆಕೆಂಡು, ಸುಮಾರು 16.67 ಡಾಲರ್. 31 ಡಾಲರಿನ ಆಸುಪಾಸಿನ ಬಿಲ್ಲು 47ಕ್ಕೆ ಏರುತ್ತದೆ.

ಬಹಳ ಕಾಲ ಈ ಏರಿಕೆ ಬಿಲ್ಲಿನಲ್ಲಿ ಕಾಣಿಸುತ್ತಲೇ ಇರಲಿಲ್ಲ. ಜಿಪ್ ಫೈಲಾಗಿ ಹಾಕಿದ, ಅಮೆಜಾನ್‌ನದೇ ರನ್‌ಟೈಮ್ ಬಳಸುವ ಫಂಕ್ಷನ್‌ಗಳಿಗೆ ಆರಂಭದ ಹಂತ ಪುಕ್ಕಟೆಯಾಗಿತ್ತು. 2025ರ ಆಗಸ್ಟ್ 1ರಿಂದ ಅದಕ್ಕೂ ಶುಲ್ಕ ಬಂದಿದೆ. ಹಳೆಯ ಲೆಕ್ಕವನ್ನೇ ನಂಬಿಕೊಂಡು ‘ಕೋಲ್ಡ್ ಸ್ಟಾರ್ಟ್‌ಗೆ ದುಡ್ಡಿಲ್ಲ’ ಎನ್ನುವವರು ಮತ್ತೊಮ್ಮೆ ಬಿಲ್ಲು ನೋಡಬೇಕು.

ಹಾಗೆಂದು ಹದಿನಾರು ಡಾಲರ್ ಉಳಿಸಲು ಒಂದು ತಂಡ ವಾರಗಟ್ಟಲೆ ಕೋಡ್ ತಿದ್ದಬೇಕೆಂದು ನಾನು ಹೇಳಲಾರೆ. ಅದೇ ಲೆಕ್ಕದಲ್ಲಿ ಇನ್ನೊಂದು ಅಂಕಿ ಇದೆ: ತಿಂಗಳಿಗೆ 2 ಲಕ್ಷ ಸಲ ಯಾರೋ ಐದು ಸೆಕೆಂಡು ಕಾದಿದ್ದಾರೆ. ಅಂಗಡಿಯ ಕೌಂಟರಿನಲ್ಲಿ ಗ್ರಾಹಕರು ಬಿಲ್ಲಿಗಾಗಿ ನಿಂತಿರುವಾಗ ಐದು ಸೆಕೆಂಡು ದೀರ್ಘ. ಇನ್ನೂ ಕೆಟ್ಟ ಸಂಗತಿಯೆಂದರೆ ಕೋಲ್ಡ್ ಸ್ಟಾರ್ಟ್‌ಗಳು ಸಮನಾಗಿ ಹಂಚಿಕೊಂಡು ಬರುವುದಿಲ್ಲ. ವಿನಂತಿಗಳು ಏಕಾಏಕಿ ಏರಿದಾಗ, ಅಂದರೆ ಎಲ್ಲರಿಗೂ ಆತುರವಿರುವ ಹೊತ್ತಿನಲ್ಲೇ ಗುಂಪಾಗಿ ಬರುತ್ತವೆ. ಸರಾಸರಿ ನೋಡಿ ಸಮಾಧಾನಪಟ್ಟುಕೊಳ್ಳುವುದಕ್ಕೆ ಇಲ್ಲಿ ಅರ್ಥವಿಲ್ಲ.

ಇನ್ನೊಂದು ಮಿತಿಯೂ ಇದೆ. ಆರಂಭದ ಹಂತಕ್ಕೆ ಲ್ಯಾಂಬ್ಡಾ ಕೊಡುವುದು 10 ಸೆಕೆಂಡು. ಅಷ್ಟರಲ್ಲಿ ಮುಗಿಯದಿದ್ದರೆ ವಿನಂತಿಯ ಹೊತ್ತಿನಲ್ಲಿ ಅದನ್ನು ಮೊದಲಿನಿಂದ ಮತ್ತೆ ನಡೆಸುತ್ತದೆ. ಬೀನ್‌ಗಳನ್ನು ಸೇರಿಸುತ್ತಾ ಹೋದ ಅಪ್ಲಿಕೇಶನ್ ಒಂದು ದಿನ ಈ ಗೆರೆ ದಾಟಿದರೆ, ಕಾಯುವಿಕೆ ಒಮ್ಮೆಲೇ ದುಪ್ಪಟ್ಟಾಗುತ್ತದೆ.

ಸುಲಭವೆಂದು ಕಾಣುವ ಮದ್ದು

ಸ್ಪ್ರಿಂಗ್ ಬೂಟ್ 2.2ರಲ್ಲಿ ಒಂದೇ ಸಾಲಿನ ಸೆಟ್ಟಿಂಗ್ ಬಂತು: ಬೀನ್‌ಗಳನ್ನು ಮೊದಲೇ ಕಟ್ಟದೆ ಬೇಕಾದಾಗ ಮಾತ್ರ ಕಟ್ಟು. ಇದನ್ನು ಹಾಕಿದ ಕೂಡಲೇ ಆರಂಭದ ಅಂಕಿ ಇಳಿಯುತ್ತದೆ, ತಂಡ ಸಂತೋಷಪಡುತ್ತದೆ. ಆದರೆ ಮೊದಲ ವಿನಂತಿಗೆ ಬೇಕಾದ ಬೀನ್‌ಗಳನ್ನು ಕಟ್ಟುವ ಕೆಲಸ ಹೋಗಿಲ್ಲ, ವಿನಂತಿಯ ಒಳಗೆ ಸರಿದಿದೆ. ಲ್ಯಾಂಬ್ಡಾದಲ್ಲಿ ಸಿಪಿಯು ಪಾಲು ಮೆಮೊರಿಗೆ ತಕ್ಕಂತೆ ಸಿಗುತ್ತದೆ. 1,769 ಎಂಬಿ ಕೊಟ್ಟರೆ ಪೂರ್ತಿ ಒಂದು ಸಿಪಿಯು. 512 ಎಂಬಿಯ ಫಂಕ್ಷನ್‌ನಲ್ಲಿ ವಿನಂತಿಯೊಳಗೆ ಸರಿದ ಜೋಡಣೆ ಮೂರನೇ ಒಂದಕ್ಕಿಂತ ಕಡಿಮೆ ಸಿಪಿಯುವಿನಲ್ಲಿ ತೆವಳುತ್ತದೆ. ಆರಂಭ ಪುಕ್ಕಟೆಯಾಗಿದ್ದ ದಿನಗಳಲ್ಲಿ ಈ ಸೆಟ್ಟಿಂಗ್, ದುಡ್ಡಿಲ್ಲದ ಕೆಲಸವನ್ನು ದುಡ್ಡು ಕೊಡುವ ಹಂತಕ್ಕೆ ತಳ್ಳುತ್ತಿತ್ತು ಕೂಡ. ತಪ್ಪಾಗಿ ಬರೆದ ಸಂರಚನೆ ಆರಂಭದಲ್ಲೇ ಬೀಳುವ ಬದಲು ಯಾರದೋ ಇನ್‌ವಾಯ್ಸ್ ನಡುವೆ ಬೀಳುತ್ತದೆ. ನಮ್ಮ ಸೇವೆಗೆ ಇದನ್ನು ನಾನು ಒಪ್ಪುವುದಿಲ್ಲ.

2022ರ ನವೆಂಬರ್‌ನಲ್ಲಿ ಬಂದ ಸ್ನ್ಯಾಪ್‌ಸ್ಟಾರ್ಟ್ ಗಟ್ಟಿಯಾದ ಮದ್ದು. ಹೊಸ ಆವೃತ್ತಿ ಪ್ರಕಟಿಸಿದಾಗಲೇ ಲ್ಯಾಂಬ್ಡಾ ಆರಂಭದ ಹಂತವನ್ನು ಪೂರ್ತಿ ನಡೆಸಿ, ಮೆಮೊರಿಯ ಚಿತ್ರ ತೆಗೆದಿಡುತ್ತದೆ. ಮುಂದೆ ಏಳುವ ಪರಿಸರಗಳು ಆ ಚಿತ್ರದಿಂದ ಏಳುತ್ತವೆ. ಆರಂಭ ಹತ್ತು ಪಟ್ಟಿನವರೆಗೆ ವೇಗವಾಗಬಹುದು ಎಂಬುದು ಅಮೆಜಾನ್‌ನ ಮಾತು. ಜಾವಾಗೆ ಪ್ರತ್ಯೇಕ ಶುಲ್ಕವೂ ಇಲ್ಲ. ಇಲ್ಲಿ ಹಿಂದಿನ ಸಲಹೆ ತಲೆಕೆಳಗಾಗುತ್ತದೆ: ಬೀನ್‌ಗಳನ್ನು ಮೊದಲೇ ಕಟ್ಟಿಟ್ಟಷ್ಟೂ ಒಳ್ಳೆಯದು, ಏಕೆಂದರೆ ಕಟ್ಟಿದ್ದೆಲ್ಲ ಚಿತ್ರದಲ್ಲಿ ಸೇರುತ್ತದೆ.

ಆದರೆ ನಮ್ಮ ಸೇವೆಯಲ್ಲಿ ಸಂಖ್ಯೆ ಕೊಡುವ ಬೀನ್ ಇದೆಯಲ್ಲ, ಅದರ ಗತಿ ನೋಡಿ. ಪ್ರತಿ ಸಲ ಡೇಟಾಬೇಸಿಗೆ ಹೋಗುವುದನ್ನು ತಪ್ಪಿಸಲು ಅದು ಕನ್‌ಸ್ಟ್ರಕ್ಟರಿನಲ್ಲೇ 50 ಸಂಖ್ಯೆಗಳ ಒಂದು ಕಂತೆ ಕಾದಿರಿಸಿ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ ಎನ್ನೋಣ. ಸರ್ವರ್ ಕಾಲದಲ್ಲಿ ಹೀಗೆ ಬರೆಯುವುದು ಸಾಮಾನ್ಯವಾಗಿತ್ತು. ಸ್ನ್ಯಾಪ್‌ಸ್ಟಾರ್ಟ್ ಹಾಕಿದರೆ ಆ ಕಂತೆ ಚಿತ್ರದೊಳಗೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಏಳುವ ಪ್ರತಿಯೊಂದು ಪರಿಸರವೂ ಅದೇ 50 ಸಂಖ್ಯೆಗಳನ್ನು ಹಂಚಲು ಶುರುಮಾಡುತ್ತದೆ. ಮರುಕಳಿಸಬಾರದೆಂದು ಕಾನೂನು ಹೇಳುವ ಸಂಖ್ಯೆ ಹತ್ತಾರು ಇನ್‌ವಾಯ್ಸ್‌ಗಳ ಮೇಲೆ ಕೂರುತ್ತದೆ. ಕನ್‌ಸ್ಟ್ರಕ್ಟರಿನಲ್ಲಿ ತೆರೆದ ಡೇಟಾಬೇಸ್ ಸಂಪರ್ಕ, ಆಗಲೇ ಪಡೆದಿಟ್ಟ ಟೋಕನ್, ಆಗಲೇ ಬಿತ್ತಿದ ಯಾದೃಚ್ಛಿಕ ಬೀಜ ಎಲ್ಲಕ್ಕೂ ಇದೇ ಅಪಾಯ. ಚಿತ್ರ ತೆಗೆಯುವ ಮುನ್ನ ಮತ್ತು ಎದ್ದ ಮೇಲೆ ನಮ್ಮ ಕೋಡ್ ಓಡಿಸಲು ಕೊಕ್ಕೆಗಳನ್ನು (ಹುಕ್) ಒದಗಿಸಿದ್ದಾರೆ. ಆದರೂ ಇಲ್ಲಿ ಸರಿಯಾದ ದಾರಿ ಕಂತೆಯನ್ನೇ ಕೈಬಿಟ್ಟು, ಸಂಖ್ಯೆಯನ್ನು ಇನ್‌ವಾಯ್ಸ್ ಬರೆಯುವ ಟ್ರಾನ್ಸಾಕ್ಷನ್ ಒಳಗೇ ಪಡೆಯುವುದು. ಹೇಗೂ ಪರಿಸರ ಸತ್ತಾಗ ಕಂತೆಯ ಉಳಿದ ಸಂಖ್ಯೆಗಳು ಕಳೆದುಹೋಗಿ ಅನುಕ್ರಮದಲ್ಲಿ ಕಂದಕ ಬೀಳುತ್ತಿತ್ತು.

ಜೋಡಣೆಯನ್ನು ಕಂಪೈಲ್ ಹೊತ್ತಿಗೆ ಸರಿಸುವುದು

ಓಡುವ ಹೊತ್ತಿನ ರಿಫ್ಲೆಕ್ಷನ್ ಭಾರವನ್ನು ಮೊದಲು ಗಂಭೀರವಾಗಿ ತೆಗೆದುಕೊಂಡದ್ದು ಮೊಬೈಲ್ ಲೋಕ. 2012ರಲ್ಲಿ ಸ್ಕ್ವೇರ್ ಕಂಪನಿ ಹೊರತಂದ ಡ್ಯಾಗರ್, ಆಮೇಲೆ ಗೂಗಲ್ ಬೆಳೆಸಿದ ಡ್ಯಾಗರ್ 2, ಜೋಡಣೆಯ ಕೋಡನ್ನು ಕಂಪೈಲ್ ಹೊತ್ತಿನಲ್ಲೇ ಸಾದಾ ಜಾವಾ ಆಗಿ ಬರೆದುಬಿಡುತ್ತದೆ. ಯಾವುದಾದರೂ ಅವಲಂಬನೆ ಸಿಗದಿದ್ದರೆ ಕಂಪೈಲರೇ ಹೇಳುತ್ತದೆ. ಸರ್ವರ್ ಕಡೆಗೆ ಈ ವಿಚಾರವನ್ನು ತಂದವರಲ್ಲಿ ಗ್ರೇಲ್ಸ್ ಎಂಬ ವೆಬ್ ಚೌಕಟ್ಟನ್ನು ಕಟ್ಟಿದ ಗ್ರೇಮ್ ರೋಷರ್ ಮುಖ್ಯರು. ಅವರ ಹೊಸ ಚೌಕಟ್ಟು ಮೈಕ್ರೊನಾಟ್ 1.0 ಬಂದದ್ದು 2018ರಲ್ಲಿ. ಮರುವರ್ಷ ರೆಡ್ ಹ್ಯಾಟ್‌ನ ಕ್ವಾರ್ಕಸ್ ಬಂತು. 2022ರ ನವೆಂಬರ್‌ನ ಸ್ಪ್ರಿಂಗ್ ಬೂಟ್ 3.0 ಕೂಡ ಬೀನ್‌ಗಳ ಲೆಕ್ಕವನ್ನು ಬಿಲ್ಡ್ ಹೊತ್ತಿಗೇ ಮುಗಿಸುವ, ಗ್ರಾಲ್‌ವಿಎಂ ಮೂಲಕ ನೇರ ಯಂತ್ರಭಾಷೆಗೆ ಇಳಿಸುವ ದಾರಿಯನ್ನು ಅಧಿಕೃತವಾಗಿ ತೆರೆಯಿತು. ಹೀಗೆ ಇಳಿಸಿದ ಪ್ರೋಗ್ರಾಮ್ ಕಣ್ಣು ಮಿಟುಕಿಸುವಷ್ಟರಲ್ಲಿ ಏಳುತ್ತದೆ.

ಅದಕ್ಕೂ ಬೆಲೆ ಇದೆ. ಯಾವ ಪ್ರೊಫೈಲಿಗೆ (ಪರೀಕ್ಷೆಗೆ, ಗ್ರಾಹಕರಿಗೆ ಎಂಬಂಥ ಸೆಟ್ಟಿಂಗ್ ಗುಂಪಿಗೆ) ಯಾವ ಬೀನ್ ಎಂಬುದು ಬಿಲ್ಡ್ ಮಾಡಿದಾಗಲೇ ಹೆಪ್ಪುಗಟ್ಟುತ್ತದೆ. ಪರೀಕ್ಷಾ ಪರಿಸರಕ್ಕೆ ಕಟ್ಟಿದ್ದನ್ನೇ ಸೆಟ್ಟಿಂಗ್ ಬದಲಿಸಿ ಗ್ರಾಹಕರ ಮುಂದಿಡಲು ಆಗುವುದಿಲ್ಲ. ರಿಫ್ಲೆಕ್ಷನ್ ಬಳಸುವ ಹಳೆಯ ಲೈಬ್ರರಿಗಳಿಗೆ ಸುಳಿವಿನ ಫೈಲು ಬರೆದುಕೊಡಬೇಕು. ನಮ್ಮ ಪಿಡಿಎಫ್ ಲೈಬ್ರರಿ ಇಲ್ಲಿ ತೊಂದರೆ ಕೊಡುವ ಸಂಭವ ಹೆಚ್ಚು. ಬಿಲ್ಡ್‌ಗೆ ಸಮಯವೂ ಮೆಮೊರಿಯೂ ಧಾರಾಳವಾಗಿ ಬೇಕು. ದೀರ್ಘಕಾಲ ಓಡುವ ಕೆಲಸದಲ್ಲಿ ಬಿಸಿಯಾದ ಜಿಟ್‌ನ ವೇಗವನ್ನು ಇದು ಮುಟ್ಟದೆಯೂ ಇರಬಹುದು.

ಈ ಸೇವೆಗೆ ಏನು ಮಾಡಬೇಕು

ಜಾವಾ ಫಂಕ್ಷನ್‌ಗಳಿಗೆ ಅಮೆಜಾನ್ ಕೊಟ್ಟಿರುವ ಸಲಹೆಗಳಲ್ಲಿ ಒಂದು, ಸ್ಪ್ರಿಂಗ್‌ನಂಥ ದೊಡ್ಡ ಚೌಕಟ್ಟಿಗಿಂತ ಡ್ಯಾಗರ್, ಗೈಸ್‌ನಂಥ ಸರಳ ಇಂಜೆಕ್ಷನ್ ಸಾಧನಗಳನ್ನು ಆಯ್ದುಕೊಳ್ಳಿ ಎಂಬುದು. ಇಂಜೆಕ್ಷನ್ ಬಿಡಿ ಎಂದು ಅವರೂ ಹೇಳುತ್ತಿಲ್ಲ ಎಂಬುದನ್ನು ಗಮನಿಸಬೇಕು.

ಇನ್‌ವಾಯ್ಸ್ ಮಾಡುವ ದಾರಿಯಲ್ಲಿರುವುದು ಹದಿನೈದು ಕ್ಲಾಸು. ಇಷ್ಟಕ್ಕೆ ಡ್ಯಾಗರ್ ಕೂಡ ಬೇಡವೆಂಬುದು ನನ್ನ ತೀರ್ಪು. ಒಂದೇ ಫೈಲಿನಲ್ಲಿ ಗಡಿಯಾರ, ಒಂದೇ ಸಂಪರ್ಕದ ಪೂಲ್, ತೆರಿಗೆ ಲೆಕ್ಕದ ಕ್ಲಾಸು, ಸಂಖ್ಯೆ ಕೊಡುವ ಕ್ಲಾಸು, ಬರೆದಿಡುವ ಕ್ಲಾಸು ಎಂದು ಒಂದರ ಕೆಳಗೊಂದು ಸೃಷ್ಟಿಸಿ, ಕನ್‌ಸ್ಟ್ರಕ್ಟರ್‌ಗಳಿಗೆ ಕೈಯಾರೆ ಕೊಡುವುದು. ಮೇಲಿನಿಂದ ಕೆಳಗೆ ಓದಿದರೆ ಸೇವೆ ಹೇಗೆ ಕಟ್ಟಿದೆಯೆಂದು ಹೊಸಬರಿಗೂ ತಿಳಿಯುತ್ತದೆ, ಪೂಲ್‌ನ ಗಾತ್ರ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಅನೋಟೇಶನ್‌ನಿಂದ ಬರುತ್ತಿದ್ದ ಟ್ರಾನ್ಸಾಕ್ಷನ್ ಹೋಗುತ್ತದೆ. ಅದಕ್ಕೆ ಸ್ಪ್ರಿಂಗ್‌ನ ಟ್ರಾನ್ಸಾಕ್ಷನ್ ಟೆಂಪ್ಲೇಟ್ ಅನ್ನು ಕಂಟೇನರ್ ಇಲ್ಲದೆ ಸಾದಾ ಆಬ್ಜೆಕ್ಟಾಗಿ ಬಳಸಬಹುದು. ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂಬುದು ಕೋಡಿನಲ್ಲೇ ಕಾಣುತ್ತದೆ. ಇನ್‌ವಾಯ್ಸ್ ಸಂಖ್ಯೆಯ ವಿಷಯದಲ್ಲಿ ಅದು ಒಳ್ಳೆಯದೇ. ವರದಿ, ಆಡಳಿತದ ಪುಟಗಳು, ಬಳಕೆದಾರರ ಅನುಮತಿ ಇವೆಲ್ಲ ಸ್ಪ್ರಿಂಗ್ ಬೂಟ್‌ನಲ್ಲೇ ಇರಲಿ, ಸದಾ ಓಡುವ ಒಂದು ಸಣ್ಣ ಸರ್ವರ್ ಮೇಲೆ. ಅಲ್ಲಿ ಕಂಟೇನರ್ ಕೊಡುವ ಅನುಕೂಲ ಹೆಚ್ಚು, ಏಳುವ ಹೊತ್ತಿನ ಖರ್ಚು ಯಾರಿಗೂ ತಟ್ಟುವುದಿಲ್ಲ.

ಈ ಬದಲಾವಣೆ ಒಂದು ವಾರದ ಕೆಲಸವೋ ಮೂರು ತಿಂಗಳ ಪಾಡೋ ಎಂಬುದು ಕ್ಲಾಸುಗಳನ್ನು ಮೊದಲು ಹೇಗೆ ಬರೆದಿದ್ದರು ಎಂಬುದರ ಮೇಲೆ ನಿಂತಿದೆ. ಖಾಸಗಿ ಫೀಲ್ಡ್‌ಗಳ ಮೇಲೆ ಆಟೋವೈರ್ಡ್ (ಇಲ್ಲಿ ತಂದು ಜೋಡಿಸು ಎಂದು ಕಂಟೇನರಿಗೆ ಹೇಳುವ ಅನೋಟೇಶನ್) ಅಂಟಿಸಿಕೊಂಡು ಹೋಗಿದ್ದರೆ ಕಂಟೇನರ್ ಇಲ್ಲದೆ ಆ ಕ್ಲಾಸು ಕೆಲಸಕ್ಕೇ ಬರುವುದಿಲ್ಲ. ಕನ್‌ಸ್ಟ್ರಕ್ಟರ್ ಮೂಲಕವೇ ಎಲ್ಲವನ್ನೂ ಪಡೆದಿದ್ದರೆ ಟ್ರಾನ್ಸಾಕ್ಷನ್‌ನ ಜಾಗ ಬಿಟ್ಟು ಕ್ಲಾಸುಗಳನ್ನು ಮುಟ್ಟಬೇಕಿಲ್ಲ, ಜೋಡಿಸುವ ಫೈಲು ಮಾತ್ರ ಬದಲಾಗುತ್ತದೆ. ಇಂಜೆಕ್ಷನ್ ಕಿತ್ತುಹಾಕೋಣ ಎಂದವರು ಗಮನಿಸದೆ ಹೋದದ್ದು ಇದನ್ನೇ: ಇಂಜೆಕ್ಷನ್ ಚೆನ್ನಾಗಿದ್ದರೆ ಮಾತ್ರ ಕಂಟೇನರನ್ನು ಇಷ್ಟು ಸಲೀಸಾಗಿ ಕೈಬಿಡಲು ಸಾಧ್ಯ.

ಬದಲಾವಣೆಗೆ ಮೊದಲು ಮತ್ತು ಆಮೇಲೆ ಅಳೆಯಬೇಕಾದ್ದು ಲ್ಯಾಂಬ್ಡಾ ತನ್ನ ಲಾಗ್‌ನ ವರದಿ ಸಾಲಿನಲ್ಲಿ ಬರೆಯುವ ಆರಂಭದ ಅವಧಿಯನ್ನು. ಅದು ಕೋಲ್ಡ್ ಸ್ಟಾರ್ಟ್ ಆದಾಗ ಮಾತ್ರ ಕಾಣಿಸಿಕೊಳ್ಳುವುದರಿಂದ ಎಷ್ಟು ಸಲ ಆಯಿತೆಂಬ ಎಣಿಕೆಯೂ ಅದರಿಂದಲೇ ಸಿಗುತ್ತದೆ. ಸ್ಪ್ರಿಂಗ್ ಬೂಟ್ 2.4ರಿಂದ ಈಚೆಗೆ ಆರಂಭದ ಯಾವ ಹೆಜ್ಜೆಗೆ ಎಷ್ಟು ಹೊತ್ತು ಹಿಡಿಯಿತೆಂದು ತೋರಿಸುವ ವ್ಯವಸ್ಥೆಯಿದೆ. ಕೈ ಹಾಕುವ ಮುನ್ನ ಅದನ್ನೂ ಒಮ್ಮೆ ಓಡಿಸಬೇಕು, ಏಕೆಂದರೆ ಜೋಡಣೆಯ ತಲೆಗೆ ಕಟ್ಟಿದ ಎರಡು ಸೆಕೆಂಡು ನಿಜಕ್ಕೂ ಯಾವುದೋ ಬೀನ್ ಆರಂಭದಲ್ಲೇ ಹೊರಗಿನ ಸೇವೆಯೊಂದಕ್ಕೆ ಮಾಡಿದ ಕರೆಯಾಗಿರಬಹುದು. ಮುಂದೊಂದು ದಿನ ವಿನಂತಿಗಳು ದಿನವಿಡೀ ಸಮನಾಗಿ ಬರತೊಡಗಿ, ಲ್ಯಾಂಬ್ಡಾಗಿಂತ ಸದಾ ಓಡುವ ಸರ್ವರೇ ಅಗ್ಗವೆಂದು ಲೆಕ್ಕ ತೋರಿಸಿದರೆ, ಅದೇ ಹದಿನೈದು ಕ್ಲಾಸುಗಳನ್ನು ಹಾಗೆಯೇ ಎತ್ತಿಕೊಂಡು ಸ್ಪ್ರಿಂಗ್ ಬೂಟ್‌ಗೆ ಮರಳಬಹುದು. ಕೈಯಿಂದ ಬರೆದ ಆ ಒಂದು ಫೈಲನ್ನು ಅಳಿಸಿದರೆ ಸಾಕು.